ಕ್ಲಚ್ ಇಲ್ಲದ ಕಾರು, ಗೇರ್ ಬಿಡದ ತಾಲ್ಲೂಕುಗಳು

ದಾವಣಗೆರೆ: ಗೇರ್ ಇಲ್ಲದ ಸ್ಕೂಟರ್ ಓಡಿಸುವವರಿಗೆ ಒಂದು ಬಗೆಯ ಪರವಾನಗಿ, ಗೇರ್ ಇರುವ ಬೈಕ್ ಓಡಿಸುವವರಿಗೆ ಮತ್ತೊಂದು ಬಗೆಯ ಪರವಾನಗಿ. 1988ರ ಮೋಟಾರು ವಾಹನ ಕಾಯ್ದೆಯ 10ನೇ ಕಲಂ ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿದೆ. ಆದರೆ ಅದೇ ಕಲಂ ಕಾರಿನ ವಿಷಯಕ್ಕೆ ಬಂದೊಡನೆ ಮೌನ ವಹಿಸುತ್ತದೆ. ಕ್ಲಚ್ ತುಳಿದು ಐದು ಗೇರ್ ಬದಲಿಸಬೇಕಾದ ಕಾರಿಗೂ, ಬ್ರೇಕ್ ಮತ್ತು ಎಕ್ಸಲರೇಟರ್ ಎರಡೇ ಪೆಡಲ್‌ಗಳಿರುವ ಆಟೊಮ್ಯಾಟಿಕ್ ಕಾರಿಗೂ ಸಿಗುವ ಪರವಾನಗಿ ಒಂದೇ. ಅದರ ಹೆಸರು ಲಘು ಮೋಟಾರು ವಾಹನ ಪರವಾನಗಿ (ಎಲ್‌ಎಂವಿ).

ಬೆಂಗಳೂರಿನಲ್ಲಿ ಕುಳಿತು ನೋಡುವವರಿಗೆ ಇದು ಕಾಯ್ದೆ ಪುಸ್ತಕದೊಳಗಿನ ಸಣ್ಣ ತಕರಾರಿನಂತೆ ಕಾಣಬಹುದು. ಅಲ್ಲಿ ಆಟೊಮ್ಯಾಟಿಕ್ ಕಾರು ಎಂದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಡಗಾಲಿಗೆ ಸಿಗುವ ಬಿಡುವು, ಅಷ್ಟೆ. ಆದರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಈ ಪ್ರಶ್ನೆಯ ತೂಕವೇ ಬೇರೆ. ಇಲ್ಲಿ ಕಾರು ಕಲಿತವನು ಕಾರಿಗಷ್ಟೇ ಸೀಮಿತನಾಗಿ ಉಳಿಯುವುದಿಲ್ಲ. ನಾಳೆ ಮನೆಯ ಟ್ರ್ಯಾಕ್ಟರ್ ಹತ್ತಬೇಕಾಗುತ್ತದೆ, ನಾಡಿದ್ದು ಅಣ್ಣನ ಪಿಕಪ್ ವಾಹನದಲ್ಲಿ ಅಡಿಕೆ ಚೀಲ ಹೇರಿಕೊಂಡು ಮಂಡಿಗೆ ಹೋಗಬೇಕಾಗುತ್ತದೆ. ಕಾರು ಇಲ್ಲಿ ಒಬ್ಬರ ಸ್ವತ್ತಾದರೂ ಬಳಕೆಯಲ್ಲಿ ಕೇರಿಯ ಸ್ವತ್ತು. ಮಧ್ಯರಾತ್ರಿ ಯಾರಿಗೋ ಎದೆನೋವು ಬಂದರೆ ಓಡಿಸಲು ಬಲ್ಲ ಯಾರಾದರೂ ಸರಿ, ಕೀಲಿ ಅವರ ಕೈಗೆ ಹೋಗುತ್ತದೆ.

ಹೀಗಿರುವಲ್ಲಿ ಮ್ಯಾನ್ಯುಯಲ್ ಬೇಕೋ ಆಟೊಮ್ಯಾಟಿಕ್ ಬೇಕೋ ಎಂಬುದು ಸುಖದ ಪ್ರಶ್ನೆಯಾಗಿ ಉಳಿಯದೆ ಕಲಿಕೆ, ರಿಪೇರಿ ಮತ್ತು ದುಡಿಮೆಯ ಪ್ರಶ್ನೆಯಾಗಿ ಪರಿಣಮಿಸಿದೆ. ಕಾನೂನು ಇದನ್ನು ಗಮನಿಸಿದಂತಿಲ್ಲ.

<b>ಒಂದೇ ಜಿಲ್ಲೆ, ಬೇರೆ ಬೇರೆ ರಸ್ತೆ</b>

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂದಿತು. 2017-18ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳ ಪೈಕಿ ನ್ಯಾಮತಿಯೂ ಒಂದು. ಅದು ಹೊನ್ನಾಳಿಯಿಂದಲೇ ಬೇರ್ಪಟ್ಟಿದ್ದು. ಈಗ ನಾಲ್ಕೂ ಕಡೆಯ ವಾಹನಗಳ ಸಂಖ್ಯಾಫಲಕದ ಮೇಲೆ ಕೆಎ-17 ಎಂದೇ ಇರುತ್ತದೆ. ಆದರೆ ರಸ್ತೆ ಮತ್ತು ಬದುಕಿನ ದೃಷ್ಟಿಯಿಂದ ನೋಡಿದರೆ ಇವು ಒಂದೇ ಜಿಲ್ಲೆಯವೆಂದು ಹೇಳುವುದು ಕಷ್ಟ.

ಭದ್ರಾ ನಾಲೆಯ ನೀರು ಕಂಡಿರುವ ಚನ್ನಗಿರಿ ಅಡಿಕೆಯ ತಾಲ್ಲೂಕು. ಕೊಯ್ಲಿನ ದಿನಗಳಲ್ಲಿ ತೋಟದಿಂದ ಖೇಣಿ ಮನೆಗೆ, ಅಲ್ಲಿಂದ ಮಂಡಿಗೆ ಟ್ರ್ಯಾಕ್ಟರ್ ಮತ್ತು ಪಿಕಪ್‌ಗಳ ಸಾಲು ಕಡಿಯುವುದಿಲ್ಲ. ತೋಟದ ದಾರಿಗಳೋ ಮಳೆ ಬಿದ್ದರೆ ಕೆಸರು, ಬಿಸಿಲು ಬಿದ್ದರೆ ಗಾಲಿ ಹೂತ ಗುರುತುಗಳ ಗಟ್ಟಿ ಸಾಲು. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಭತ್ತದ ಗದ್ದೆಗಳ ನಡುವಿನ ಏರಿಗಳೇ ರಸ್ತೆ. ನ್ಯಾಮತಿ ಮಲೆನಾಡಿನ ಸೆರಗು ಹಿಡಿದಿರುವ ತಾಲ್ಲೂಕು. ಸವಳಂಗ, ಬೆಳಗುತ್ತಿ, ತೀರ್ಥರಾಮೇಶ್ವರದ ಕಡೆಗೆ ಏರಿಳಿತಗಳು ಆರಂಭವಾಗುತ್ತವೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪದಲ್ಲಿ ಪ್ರತಿ ಫೆಬ್ರುವರಿಯಲ್ಲಿ ನಡೆಯುವ ಜಾತ್ರೆಗೆ ಹಲವು ರಾಜ್ಯಗಳಿಂದ ಜನ ಬರುತ್ತಾರೆ. ಆ ದಿನಗಳಲ್ಲಿ ಅಲ್ಲಿನ ರಸ್ತೆಯಲ್ಲಿ ಕಾರು ನಡಿಗೆಯ ವೇಗಕ್ಕೆ ಇಳಿಯುತ್ತದೆ, ಹಾಫ್ ಕ್ಲಚ್‌ನಲ್ಲೇ ಗಂಟೆಗಟ್ಟಲೆ ತೆವಳಬೇಕಾಗುತ್ತದೆ.

ಜಗಳೂರಿನ ಮಾತು ಬೇರೆ. ಮಳೆಯಾಶ್ರಿತ ಬೇಸಾಯ, ಮೆಕ್ಕೆಜೋಳ ಮತ್ತು ಶೇಂಗಾದ ಹೊಲಗಳು, ಮಟ್ಟಸವಾದ ಬಯಲು. ಒಮ್ಮೆ ನಾಲ್ಕನೇ ಗೇರ್‌ಗೆ ಬಿದ್ದ ಗಾಡಿ ಮುಂದಿನ ಊರು ಬರುವವರೆಗೆ ಅದೇ ಗೇರ್‌ನಲ್ಲಿ ಸಾಗಬಹುದು. ಆಟೊಮ್ಯಾಟಿಕ್ ಗೇರ್‌ನ ನಿಜವಾದ ಲಾಭ ಇರುವುದು ಗಾಡಿಯನ್ನು ಮತ್ತೆ ಮತ್ತೆ ನಿಲ್ಲಿಸಿ ಹೊರಡಿಸುವಲ್ಲಿ. ನಿಲ್ಲುವ ಪ್ರಮೇಯವೇ ಕಡಿಮೆ ಇರುವ ಕಡೆ ಆ ಲಾಭಕ್ಕೆ ಹೆಚ್ಚುವರಿ ಹಣ ಕೊಡುವುದರಲ್ಲಿ ಅರ್ಥ ಕಡಿಮೆ. ಊರೂರಿಗೆ ಎದುರಾಗುವ ರಸ್ತೆ ಉಬ್ಬುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ಈ ವಾದ ಸ್ವಲ್ಪ ಸಡಿಲಗೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಆಟೊಮ್ಯಾಟಿಕ್ ಕಾರುಗಳಿಗೆ ರಸ್ತೆ ಉಬ್ಬುಗಳಿಗಿಂತ ದೊಡ್ಡ ಪ್ರಚಾರಕರಿಲ್ಲ.

<b>ಕ್ಲಚ್ ಮರೆಯಾದ ಬಗೆ</b>

ಸ್ವಯಂಚಾಲಿತ ಗೇರ್ ಹೊಸ ಆವಿಷ್ಕಾರವೇನೂ ಅಲ್ಲ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ‘ಹೈಡ್ರಾಮ್ಯಾಟಿಕ್’ ಹೆಸರಿನ ಸಂಪೂರ್ಣ ಸ್ವಯಂಚಾಲಿತ ಗೇರ್‌ಬಾಕ್ಸನ್ನು 1939ರಲ್ಲೇ ಮಾರುಕಟ್ಟೆಗೆ ತಂದಿತ್ತು. ಭಾರತದಲ್ಲಿ ಮಾತ್ರ ಬಹುಕಾಲ ಅದು ಸಿರಿವಂತರ ಸೊತ್ತಾಗಿಯೇ ಉಳಿಯಿತು. ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ಎಳೆದು ಅಂಬಾಸಡರ್ ಓಡಿಸಿದ ತಲೆಮಾರಿಗೆ ಕ್ಲಚ್ ಇಲ್ಲದ ಕಾರು ಎಂದರೆ ಸಿನಿಮಾದಲ್ಲಿ ಕಾಣುವ ವಸ್ತುವಾಗಿತ್ತು.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ 2001ರಲ್ಲಿ ಬೆಂಗಳೂರಿನಲ್ಲಿ ರಸ್ತೆಗಿಳಿದ ರೇವಾ ವಿದ್ಯುತ್ ಕಾರು ಕ್ಲಚ್ ಇಲ್ಲದ ಚಾಲನೆಯನ್ನು ಇಲ್ಲಿನ ಜನರಿಗೆ ಪರಿಚಯಿಸಿದ ವಾಹನಗಳಲ್ಲಿ ಒಂದು. 2006ರ ಸುಮಾರಿಗೆ ಬಿಎಂಟಿಸಿ ತಂದ ವೋಲ್ವೊ ನಗರ ಬಸ್ಸುಗಳಲ್ಲಿ ಚಾಲಕನ ಎಡಗಾಲು ಬಿಡುವು ಪಡೆಯಿತು. ಆದರೆ ಸಾಮಾನ್ಯನ ಕಾರಿಗೆ ಈ ಸೌಲಭ್ಯ ದೊರೆತದ್ದು 2014ರ ಫೆಬ್ರುವರಿಯಲ್ಲಿ. ಮಾರುತಿ ಸುಜುಕಿ ತನ್ನ ಸೆಲೆರಿಯೊ ಕಾರಿನಲ್ಲಿ ‘ಎಎಂಟಿ’ ಎಂಬ ವ್ಯವಸ್ಥೆಯನ್ನು ಅಳವಡಿಸಿ, ಮ್ಯಾನ್ಯುಯಲ್ ಕಾರಿಗಿಂತ ಸುಮಾರು 40 ಸಾವಿರ ರೂಪಾಯಿ ಹೆಚ್ಚಿನ ಬೆಲೆಗೆ ಮಾರಿತು. ಅದೇ ವರ್ಷ ಟಾಟಾ ಝೆಸ್ಟ್ ಮತ್ತು ಆಲ್ಟೊ ಕೆ10, ಮರುವರ್ಷ ನ್ಯಾನೊ ಕೂಡ ಇದೇ ಹಾದಿ ಹಿಡಿದವು.

ಎಎಂಟಿಯ ಗುಟ್ಟು ಸರಳ. ಗೇರ್‌ಬಾಕ್ಸ್ ಹಳೆಯ ಮ್ಯಾನ್ಯುಯಲ್ ಕಾರಿನದೇ, ಕ್ಲಚ್ ಪ್ಲೇಟ್ ಕೂಡ ಅದೇ. ಕ್ಲಚ್ ಒತ್ತುವ ಮತ್ತು ಗೇರ್ ಬದಲಿಸುವ ಕೆಲಸವನ್ನು ಮಾತ್ರ ಮನುಷ್ಯನ ಬದಲು ಕಂಪ್ಯೂಟರ್ ಆಜ್ಞೆಯಂತೆ ನಡೆಯುವ ಯಂತ್ರ ಮಾಡುತ್ತದೆ. ಆದ್ದರಿಂದಲೇ ಅದು ಅಗ್ಗ, ಮೈಲೇಜ್ ಕೂಡ ಹೆಚ್ಚುಕಡಿಮೆ ಮ್ಯಾನ್ಯುಯಲ್‌ನಷ್ಟೇ. ಆದ್ದರಿಂದಲೇ ಅದರ ಮಿತಿಗಳೂ ಉಂಟು. ಗೇರ್ ಬದಲಾಗುವಾಗ ಕಾರು ಕ್ಷಣಕಾಲ ತಡವರಿಸುತ್ತದೆ. ಎದುರಿನಿಂದ ಲಾರಿ ಬರುತ್ತಿರುವಾಗ ಟ್ರ್ಯಾಕ್ಟರನ್ನು ಹಿಂದಿಕ್ಕುವ ಸಂದರ್ಭದಲ್ಲಿ ಈ ತಡವರಿಕೆ ಸಣ್ಣ ಸಂಗತಿಯಲ್ಲ. ಏರಿನಲ್ಲಿ ಬ್ರೇಕ್ ಬಿಟ್ಟು ಎಕ್ಸಲರೇಟರ್ ಒತ್ತುತ್ತಲೇ ಕಾರನ್ನು ಹಿಡಿದು ನಿಲ್ಲಿಸುವವರಿದ್ದಾರೆ. ಹಾಗೆ ಮಾಡಿದರೆ ಒಳಗೆ ಕ್ಲಚ್ ಸವೆಯುತ್ತಿರುತ್ತದೆ, ಚಾಲಕನಿಗೆ ಅದು ತಿಳಿಯುವುದೇ ಇಲ್ಲ.

ಟಾರ್ಕ್ ಕನ್ವರ್ಟರ್, ಸಿವಿಟಿ, ಎರಡು ಕ್ಲಚ್‌ಗಳ ಡಿಸಿಟಿ ಮೊದಲಾದ ಬೇರೆ ಬಗೆಗಳೂ ಇವೆ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ತಲುಪುತ್ತದೆ. ಅದು ನಯ, ಗಟ್ಟಿ, ಆದರೆ ದುಬಾರಿ. ಇಂಥವುಗಳಲ್ಲಿ ಬೆಲೆಯ ಅಂತರ ಒಂದು ಲಕ್ಷ ದಾಟುವುದೂ ಉಂಟು.

ಒಂದು ಕುತೂಹಲದ ಸಂಗತಿಯನ್ನು ಇಲ್ಲಿ ಹೇಳಬೇಕು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಬಿಡಿಭಾಗ ಕಾರ್ಖಾನೆಯಲ್ಲಿ 2004ರಿಂದ ಮ್ಯಾನ್ಯುಯಲ್ ಗೇರ್‌ಬಾಕ್ಸ್‌ಗಳು ತಯಾರಾಗಿ ಬೇರೆ ದೇಶಗಳ ಟೊಯೊಟಾ ಕಾರ್ಖಾನೆಗಳಿಗೂ ರಫ್ತಾದವು. ಅದೇ ಟೊಯೊಟಾದಿಂದ 2022ರ ಕೊನೆಗೆ ಅನಾವರಣಗೊಂಡ ಇನ್ನೋವಾ ಹೈಕ್ರಾಸ್ ಬಂದದ್ದು ಆಟೊಮ್ಯಾಟಿಕ್ ರೂಪದಲ್ಲಿ ಮಾತ್ರ. 2023ರಲ್ಲಿ ಮರಳಿ ಬಂದ ಡೀಸೆಲ್ ಇನ್ನೋವಾ ಕ್ರಿಸ್ಟಾ ಬಂದದ್ದು ಮ್ಯಾನ್ಯುಯಲ್ ರೂಪದಲ್ಲಿ ಮಾತ್ರ. ಒಂದೇ ಹೆಸರಿನ ಎರಡು ಕಾರುಗಳು ಎರಡು ಬಗೆಯ ಗಿರಾಕಿಗಳಿಗೆ ಹಂಚಿಹೋದವು. ಬಾಡಿಗೆಗೆ ಓಡಿಸುವವರು, ದೂರದೂರಿಗೆ ತುಂಬು ಕುಟುಂಬ ಕರೆದೊಯ್ಯುವವರು ಯಾವುದನ್ನು ನೆಚ್ಚಿದ್ದಾರೆಂಬುದು ಕಂಪನಿಗೆ ಚೆನ್ನಾಗಿಯೇ ಗೊತ್ತಿದ್ದಂತಿದೆ.

<b>ಗ್ಯಾರೇಜಿನ ಲೆಕ್ಕ</b>

ತಾಲ್ಲೂಕು ಕೇಂದ್ರಗಳಲ್ಲಿ ಆಟೊಮ್ಯಾಟಿಕ್ ಕಾರು ಕೊಳ್ಳಲು ಹಿಂಜರಿಯುವವರನ್ನು ‘ಹಳ್ಳಿಯವರಿಗೆ ಹೊಸದು ಒಗ್ಗುವುದಿಲ್ಲ’ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ಹಿಂಜರಿಕೆಯ ಹಿಂದೆ ಲೆಕ್ಕಾಚಾರವಿದೆ.

ಮ್ಯಾನ್ಯುಯಲ್ ಕಾರಿನ ಕ್ಲಚ್ ಪ್ಲೇಟ್ ಸವೆದರೆ ಚನ್ನಗಿರಿಯ ಅಥವಾ ಹೊನ್ನಾಳಿಯ ಯಾವುದೇ ನುರಿತ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ, ಹೊಸ ಪ್ಲೇಟ್ ಕೂರಿಸಿ, ಒಂದು ದಿನದೊಳಗೆ ಗಾಡಿ ಹೊರಗೆ ಬಿಡಬಲ್ಲ. ಎಎಂಟಿ ಕಾರಿನಲ್ಲಿ ಇದೇ ಕೆಲಸ ಮುಗಿದ ಮೇಲೂ ಒಂದು ಹೆಜ್ಜೆ ಉಳಿಯುತ್ತದೆ. ಹೊಸ ಪ್ಲೇಟ್ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಸ್ಕ್ಯಾನರ್ ಯಂತ್ರದ ಮೂಲಕ ಕಾರಿನ ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಅದನ್ನು ಮಾಡದಿದ್ದರೆ ಹೊಸ ಕ್ಲಚ್ ಹಾಕಿದ ಕಾರೂ ಎಗರಿ ಎಗರಿ ಚಲಿಸುತ್ತದೆ. ಸ್ಕ್ಯಾನರ್ ಮತ್ತು ಅದನ್ನು ಬಳಸುವ ತರಬೇತಿ ಎರಡೂ ಇರುವ ಕಡೆಗೆ ಗಾಡಿಯನ್ನು ಒಯ್ಯಬೇಕೆಂದರೆ ಚನ್ನಗಿರಿ, ನ್ಯಾಮತಿಯವರು ಶಿವಮೊಗ್ಗದ ಹಾದಿ ಹಿಡಿಯಬೇಕು, ಜಗಳೂರಿನವರು ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗಬೇಕು. ಗಾಡಿ ಓಡುವ ಸ್ಥಿತಿಯಲ್ಲಿದ್ದರೆ ಸರಿ. ನಿಂತೇಹೋಗಿದ್ದರೆ ಎತ್ತಿಕೊಂಡು ಹೋಗುವ ವಾಹನದ ಬಾಡಿಗೆಯೂ ಸೇರುತ್ತದೆ.

ಎಳೆದುಕೊಂಡು ಹೋಗುವುದರಲ್ಲೂ ತೊಡಕಿದೆ. ಮ್ಯಾನ್ಯುಯಲ್ ಕಾರನ್ನು ನ್ಯೂಟ್ರಲ್‌ಗೆ ಹಾಕಿ ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆದರೆ ಗ್ಯಾರೇಜ್ ತಲುಪುತ್ತದೆ. ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಕಾರನ್ನು ಎಂಜಿನ್ ಆಫ್ ಇರುವಾಗ ಚಾಲಕ ಚಕ್ರಗಳು ನೆಲದ ಮೇಲೆ ಉರುಳುವಂತೆ ದೂರ ಎಳೆದರೆ ಒಳಗೆ ಎಣ್ಣೆ ಹರಿಯದೆ ಗೇರ್‌ಬಾಕ್ಸೇ ಹಾಳಾಗಬಹುದು. ಬ್ಯಾಟರಿ ಇಳಿದಾಗ ನಾಲ್ಕು ಜನ ಸೇರಿ ತಳ್ಳಿ, ಎರಡನೇ ಗೇರ್‌ನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡುವ ಹಳೆಯ ಉಪಾಯವೂ ಇಲ್ಲಿ ನಡೆಯದು. ಕೆಸರಿನ ಹೊಂಡದಲ್ಲಿ ಚಕ್ರ ಹೂತಾಗ ಒಂದನೇ ಗೇರ್ ಮತ್ತು ರಿವರ್ಸ್ ನಡುವೆ ಚಕಚಕನೆ ಬದಲಿಸಿ ಗಾಡಿಯನ್ನು ತೊಟ್ಟಿಲಿನಂತೆ ತೂಗಿ ಮೇಲೆತ್ತುವ ಕೌಶಲ ತೋಟದ ದಾರಿ ಬಲ್ಲವರಿಗೆಲ್ಲ ಕರಗತ. ಕಂಪ್ಯೂಟರ್ ನಿರ್ಧರಿಸುವ ಗೇರ್‌ನಲ್ಲಿ ಅಷ್ಟು ಚುರುಕು ಸಾಧ್ಯವಾಗುವುದಿಲ್ಲ.

ಇವೆಲ್ಲ ನಿತ್ಯದ ಸಂಗತಿಗಳಲ್ಲ ಎಂಬ ಮಾತು ನಿಜ. ವರ್ಷದಲ್ಲಿ ಎರಡೋ ಮೂರೋ ಬಾರಿ ಎದುರಾಗುವ ತಾಪತ್ರಯಗಳು. ಆದರೆ ಮನೆಗೆ ಒಂದೇ ಕಾರು ಇದ್ದು, ಬಸ್ಸು ಸಂಜೆ ಏಳಕ್ಕೆ ನಿಂತುಹೋಗುವ ಊರಿನಲ್ಲಿ ಆ ಎರಡು ಮೂರು ಬಾರಿಯನ್ನೇ ಜನ ಲೆಕ್ಕ ಹಾಕುತ್ತಾರೆ. ಮುಂದೆ ಕಾರನ್ನು ಮಾರುವಾಗ ಕೊಳ್ಳುವವನೂ ಇದೇ ಲೆಕ್ಕ ಹಾಕುತ್ತಾನೆ.

<b>ಎಕ್ಸ್‌ಎಲ್ ಒಪ್ಪಿದ ಊರು</b>

ಹಾಗೆಂದು ಈ ತಾಲ್ಲೂಕುಗಳು ಕ್ಲಚ್ ಇಲ್ಲದ ವಾಹನವನ್ನು ಕಂಡೇ ಇಲ್ಲವೆಂದಲ್ಲ. ಹೊಲಕ್ಕೆ ಗೊಬ್ಬರದ ಚೀಲ, ಮನೆಗೆ ಹುಲ್ಲಿನ ಹೊರೆ, ಡೇರಿಗೆ ಹಾಲಿನ ಕ್ಯಾನ್ ಹೊತ್ತು ಓಡಾಡುವ ಟಿವಿಎಸ್ ಎಕ್ಸ್‌ಎಲ್ ಮೊಪೆಡ್‌ನಲ್ಲಿ ಕ್ಲಚ್ ಹಿಡಿಕೆಯೂ ಇಲ್ಲ, ಗೇರ್ ಕೂಡ ಇಲ್ಲ. ಅದರ ಪೂರ್ವಜನಾದ ಟಿವಿಎಸ್ 50 ರಸ್ತೆಗಿಳಿದದ್ದು 1980ರಲ್ಲಿ. 1984ರ ಕೈನೆಟಿಕ್ ಹೊಂಡಾದಿಂದ ಆರಂಭವಾದ ಗೇರ್‌ರಹಿತ ಸ್ಕೂಟರ್‌ಗಳ ಸಾಲು ಇಂದು ಹಳ್ಳಿಯ ಅಂಗಳದವರೆಗೂ ಬಂದಿದೆ. ಎಲ್ಲಿಯಾದರೂ ಕೆಟ್ಟರೆ ಪಕ್ಕದ ಗ್ಯಾರೇಜಿನಲ್ಲೇ ರಿಪೇರಿಯಾಗುತ್ತದೆ ಎಂಬ ಭರವಸೆ ಹುಟ್ಟಿದೊಡನೆ ಜನ ಗೇರ್ ಇಲ್ಲದ ವಾಹನವನ್ನು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡರು. ಹೊಸತನಕ್ಕೆ ಹೆದರುವ ಜನ ಹೀಗೆ ಮಾಡುತ್ತಿರಲಿಲ್ಲ.

ಗೇರ್ ಇಲ್ಲದ ಸ್ಕೂಟರ್ ತಂದ ದೊಡ್ಡ ಬದಲಾವಣೆ ಹ್ಯಾಂಡಲ್ ಹಿಡಿದವರು ಯಾರು ಎಂಬುದರಲ್ಲಿದೆ. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಶಿಕ್ಷಕಿಯರು, ಆರೋಗ್ಯ ಸಹಾಯಕಿಯರು, ಕಾಲೇಜು ವಿದ್ಯಾರ್ಥಿನಿಯರು ಮುಂದಿನ ಸೀಟಿಗೆ ಬಂದರು. ಕಾರಿನ ವಿಷಯದಲ್ಲಿ ಆ ಪರಿವರ್ತನೆ ತಾಲ್ಲೂಕುಗಳಲ್ಲಿ ಇನ್ನೂ ಅರ್ಧ ದಾರಿಯಲ್ಲಿದೆ. ಕಾರು ಕಲಿಯಲು ಹೊರಟು ಅರ್ಧಕ್ಕೆ ಬಿಟ್ಟವರನ್ನು ವಿಚಾರಿಸಿದರೆ ಹೆಚ್ಚಿನವರ ಕಥೆ ಕ್ಲಚ್ಚಿನ ಬಳಿಯೇ ಬಂದು ನಿಲ್ಲುತ್ತದೆ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದ್ದು, ಸರ್ಕಲ್ಲಿನಲ್ಲಿ ಗಾಡಿ ಆಫ್ ಆಗಿ ಹಿಂದಿನವರು ಹಾರ್ನ್ ಬಾರಿಸಿದ್ದು, ಪಕ್ಕದಲ್ಲಿ ಕುಳಿತ ಗಂಡನೋ ಅಣ್ಣನೋ ಗದರಿದ್ದು. ಗದರಿದವರು ತಾವು ಕಲಿಯುವಾಗ ಎಷ್ಟು ಬಾರಿ ಆಫ್ ಮಾಡಿದ್ದರೆಂಬುದನ್ನು ಸಾಮಾನ್ಯವಾಗಿ ಮರೆತಿರುತ್ತಾರೆ.

ಮಂಡಿನೋವಿನ ಹಿರಿಯರು, ಎಡಗಾಲಿನಲ್ಲಿ ಬಲ ಕಳೆದುಕೊಂಡವರು, ಪೋಲಿಯೊ ಪೀಡಿತರು ಇವರಿಗೆಲ್ಲ ಎರಡು ಪೆಡಲ್‌ಗಳ ಕಾರು ಸೌಕರ್ಯವಲ್ಲ, ಏಕೈಕ ದಾರಿ. ಇದನ್ನು ಮರೆತು ‘ಗೇರ್ ಹಾಕಿ ಓಡಿಸಿದರೇ ಡ್ರೈವಿಂಗ್’ ಎಂದು ಜಂಬ ಪಡುವ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಆಟೊಮ್ಯಾಟಿಕ್ ಕಾರಿಗೂ ತನ್ನದೇ ಅಪಾಯಗಳಿವೆ. ಅವನ್ನು ಕಲಿಸುವವರು ಕಡಿಮೆ. ಗಾಬರಿಯಲ್ಲಿ ಬ್ರೇಕ್ ಬದಲು ಎಕ್ಸಲರೇಟರ್ ಒತ್ತಿ ಕಾರು ಮುನ್ನುಗ್ಗುವುದು ಅವುಗಳಲ್ಲಿ ಮುಖ್ಯವಾದುದು. ಮ್ಯಾನ್ಯುಯಲ್ ಕಾರಿನಲ್ಲಿ ಗಾಬರಿಯಾದವನು ಅಭ್ಯಾಸಬಲದಿಂದ ಕ್ಲಚ್ಚನ್ನೂ ಒತ್ತುತ್ತಾನೆ, ಎಂಜಿನ್ ಕೂಗಿಕೊಂಡರೂ ಚಕ್ರ ತಿರುಗುವುದಿಲ್ಲ. ಆಟೊಮ್ಯಾಟಿಕ್‌ನಲ್ಲಿ ಆ ರಕ್ಷಣೆ ಇರುವುದಿಲ್ಲ. ಆದ್ದರಿಂದ ಎಡಗಾಲನ್ನು ಪಕ್ಕಕ್ಕಿಟ್ಟು ಬಲಗಾಲೊಂದರಿಂದಲೇ ಎರಡೂ ಪೆಡಲ್ ಬಳಸುವ ಅಭ್ಯಾಸವನ್ನು ಮೊದಲ ದಿನವೇ ರೂಢಿಸಬೇಕು. ಅನೇಕ ಎಎಂಟಿ ಕಾರುಗಳಲ್ಲಿ ‘ಪಿ’ ಅಂದರೆ ಪಾರ್ಕಿಂಗ್ ಸ್ಥಾನವೇ ಇರುವುದಿಲ್ಲ. ಗೇರ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕದೆ ಇಳಿದರೆ ಇಳಿಜಾರಿನಲ್ಲಿ ಕಾರು ತಾನಾಗಿಯೇ ಹೊರಟುಬಿಡಬಹುದು.

ಘಟ್ಟ ಇಳಿಯುವಾಗಿನ ಪಾಠವೂ ಇಂಥದ್ದೇ. ನ್ಯಾಮತಿ, ಹೊನ್ನಾಳಿ ಕಡೆಯ ಜನ ಶೃಂಗೇರಿ, ಉಡುಪಿಯ ದಾರಿಯಲ್ಲಿ 14 ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿಯನ್ನು ಕಂಡೇ ಇರುತ್ತಾರೆ. ಮ್ಯಾನ್ಯುಯಲ್ ಬಲ್ಲವನು ಎರಡನೇ ಗೇರ್‌ಗೆ ಇಳಿಸಿ ಎಂಜಿನ್ನಿನ ತಡೆಯ ಮೇಲೆಯೇ ಬಹುಪಾಲು ಇಳಿಯುತ್ತಾನೆ. ‘ಡಿ’ಯಲ್ಲಿಟ್ಟು ಬ್ರೇಕ್ ತುಳಿಯುತ್ತಲೇ ಇಳಿದವನ ಬ್ರೇಕ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿಯೂ ‘ಎಂ’ ಅಥವಾ ‘ಎಲ್’ ಸ್ಥಾನಕ್ಕೆ ತಂದು ಕೆಳ ಗೇರ್‌ನಲ್ಲಿ ಇಳಿಯಲು ಸಾಮಾನ್ಯವಾಗಿ ಅವಕಾಶವಿದೆ. ಆ ಅಕ್ಷರಗಳು ಯಾಕಿವೆ ಎಂದು ಷೋರೂಮಿನಲ್ಲಿ ವಿವರಿಸುವವರು ಬೇಕಷ್ಟೆ.

<b>ಕಾನೂನಿನ ಕಿಂಡಿ</b>

ಈಗ ಪರವಾನಗಿಯ ಪ್ರಶ್ನೆಗೆ ಬರಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ ಚಾಲನಾ ಪರೀಕ್ಷೆಯಲ್ಲಿ ಅಭ್ಯರ್ಥಿ ಏನೇನು ಮಾಡಿ ತೋರಿಸಬೇಕೆಂದು ಪಟ್ಟಿ ಮಾಡುತ್ತದೆ. ಗಾಡಿಯನ್ನು ನಯವಾಗಿ ಹೊರಡಿಸಿ ಎಲ್ಲ ಗೇರ್‌ಗಳನ್ನೂ ದಾಟಿ ಮೇಲಿನ ಗೇರ್ ತಲುಪುವುದು, ಸಂದರ್ಭ ಬಂದಾಗ ಬೇಗನೆ ಕೆಳ ಗೇರ್‌ಗೆ ಇಳಿಸುವುದು, ಇಳಿಜಾರಿನಲ್ಲಿ ಕೆಳ ಗೇರ್ ಬಳಸುವುದು, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು ಎಲ್ಲವೂ ಅದರಲ್ಲಿವೆ. ಈ ನಿಯಮ ಬರೆದವರ ಕಣ್ಣೆದುರು ಇದ್ದದ್ದು ಕ್ಲಚ್ ಇರುವ ಕಾರು ಎಂಬುದು ಸ್ಪಷ್ಟ. ಆದರೆ ಪರೀಕ್ಷೆಗೆ ಅಭ್ಯರ್ಥಿ ಆಟೊಮ್ಯಾಟಿಕ್ ಕಾರು ತಂದರೆ ಇವುಗಳಲ್ಲಿ ಅರ್ಧ ಭಾಗವನ್ನು ಯಂತ್ರವೇ ಮಾಡಿ ಮುಗಿಸುತ್ತದೆ.

ಹಾಗೆ ಪಡೆದ ಪರವಾನಗಿ ಏನೇನನ್ನು ಓಡಿಸಲು ಅವಕಾಶ ಕೊಡುತ್ತದೆ ಎಂಬುದನ್ನು ಗಮನಿಸಬೇಕು. ಕಾಯ್ದೆಯ 2(21)ನೇ ಕಲಂ ಲಘು ಮೋಟಾರು ವಾಹನವನ್ನು ವ್ಯಾಖ್ಯಾನಿಸುವಾಗ 7,500 ಕಿಲೊ ಮಿತಿಯೊಳಗಿನ ಟ್ರ್ಯಾಕ್ಟರ್ ಮತ್ತು ಸಾರಿಗೆ ವಾಹನಗಳನ್ನೂ ಅದರೊಳಗೆ ಸೇರಿಸುತ್ತದೆ. ಕಾರಿನ ಪರವಾನಗಿ ಇದ್ದವರು ಸರಕು ವಾಹನ ಓಡಿಸಿ ಅಪಘಾತವಾದರೆ ಪರಿಹಾರ ಕೊಡಬೇಕೇ ಎಂದು ವಿಮಾ ಕಂಪನಿಗಳು ವರ್ಷಗಟ್ಟಲೆ ವ್ಯಾಜ್ಯ ನಡೆಸಿದವು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದಕ್ಕೆ ತೆರೆ ಎಳೆಯಿತು. ಒಟ್ಟು ತೂಕ 7,500 ಕಿಲೊ ಮೀರದ ಸಾರಿಗೆ ವಾಹನವನ್ನು ಎಲ್‌ಎಂವಿ ಪರವಾನಗಿದಾರ ಓಡಿಸಬಹುದು, ಪ್ರತ್ಯೇಕ ಅನುಮತಿ ಬೇಕಾಗಿಲ್ಲ ಎಂಬುದು ತೀರ್ಪಿನ ಸಾರ.

ಬಡ ಚಾಲಕರ ಹೊಟ್ಟೆಪಾಡಿನ ದೃಷ್ಟಿಯಿಂದ ಈ ತೀರ್ಪು ಸ್ವಾಗತಾರ್ಹವೇ. ಆದರೆ ಇದರ ಜತೆಗೆ ಗೇರ್ ಭೇದವಿಲ್ಲದ ಪರವಾನಗಿಯನ್ನು ಸೇರಿಸಿ ನೋಡಿದರೆ ಒಂದು ಕಿಂಡಿ ತೆರೆದುಕೊಳ್ಳುತ್ತದೆ. ದಾವಣಗೆರೆಯಲ್ಲಿ ಓದುತ್ತ ಆಟೊಮ್ಯಾಟಿಕ್ ಕಾರಿನಲ್ಲಿ ಮಾತ್ರ ಕಲಿತು ಪರವಾನಗಿ ಪಡೆದ ಯುವಕ ರಜೆಗೆ ಊರಿಗೆ ಬಂದು, ತೋಟದಿಂದ ಅಡಿಕೆ ಹೇರಿದ ಪಿಕಪ್ ಅಥವಾ ಟ್ರ್ಯಾಕ್ಟರ್ ಹತ್ತಿದರೆ ಕಾನೂನಿನ ಕಣ್ಣಿನಲ್ಲಿ ಅವನು ಅರ್ಹ ಚಾಲಕ. ಕ್ಲಚ್ಚಿನ ಮೇಲೆ ಅವನ ಕಾಲು ಒಮ್ಮೆಯೂ ಬಿದ್ದಿಲ್ಲ ಎಂಬುದು ಯಾವ ಕಾಗದದಲ್ಲಿಯೂ ದಾಖಲಾಗಿರುವುದಿಲ್ಲ. ಮ್ಯಾನ್ಯುಯಲ್ ಬಲ್ಲವನು ಆಟೊಮ್ಯಾಟಿಕ್ ಕಾರನ್ನು ಐದು ನಿಮಿಷದ ವಿವರಣೆಯಿಂದ ಓಡಿಸಬಲ್ಲ. ಆಟೊಮ್ಯಾಟಿಕ್ ಮಾತ್ರ ಬಲ್ಲವನು ಭಾರ ಹೊತ್ತ ಮ್ಯಾನ್ಯುಯಲ್ ಗಾಡಿಯನ್ನು ಹಾಗೆ ಓಡಿಸಲಾರ.

ನೆರೆಯ ಕೇರಳ ಈ ಗಂಟನ್ನು ಬಿಡಿಸಲು ಹೋಗಿ ಮತ್ತಷ್ಟು ಬಿಗಿಗೊಳಿಸಿಕೊಂಡಿತು. 2024ರ ಫೆಬ್ರುವರಿಯಲ್ಲಿ ಅಲ್ಲಿನ ಸಾರಿಗೆ ಇಲಾಖೆ ಹೊರಡಿಸಿದ ಸುತ್ತೋಲೆ ಚಾಲನಾ ಪರೀಕ್ಷೆಯಲ್ಲಿ ಆಟೊಮ್ಯಾಟಿಕ್ ಮತ್ತು ವಿದ್ಯುತ್ ಕಾರುಗಳ ಬಳಕೆಯನ್ನು ನಿಷೇಧಿಸಿತು. ಸಾರಿಗೆ ಸಚಿವ ಕೆ.ಬಿ. ಗಣೇಶ್ ಕುಮಾರ್ ಅವರ ಈ ಸುಧಾರಣೆಗಳ ವಿರುದ್ಧ ಡ್ರೈವಿಂಗ್ ಸ್ಕೂಲ್‌ಗಳು ಮೇ ತಿಂಗಳಲ್ಲಿ ಪರೀಕ್ಷೆಗಳನ್ನೇ ಬಹಿಷ್ಕರಿಸಿದವು. ಕಾಸರಗೋಡಿನ ಕನ್ನಡಿಗರೂ ಸೇರಿದಂತೆ ಪರವಾನಗಿಗಾಗಿ ಕಾಯುತ್ತಿದ್ದವರ ಸಾಲು ಬೆಳೆಯಿತು. ಕೊನೆಗೆ 2025ರಲ್ಲಿ ಕೇರಳ ಹೈಕೋರ್ಟ್ ಸುತ್ತೋಲೆಯನ್ನು ರದ್ದುಪಡಿಸಿತು. ಕೇಂದ್ರ ಕಾಯ್ದೆ ಹೇಳದ ನಿಷೇಧವನ್ನು ರಾಜ್ಯದ ಸುತ್ತೋಲೆ ಹೇಳಲು ಹೋದಾಗ ಆಗುವುದು ಇಷ್ಟೇ. ನಿಷೇಧದಿಂದ ನಷ್ಟವಾಗುತ್ತಿದ್ದುದು ಕೂಡ ಎರಡು ಪೆಡಲ್‌ಗಳ ಕಾರನ್ನೇ ನೆಚ್ಚಿದವರಿಗೆ.

ಬ್ರಿಟನ್ ಮತ್ತು ಐರೋಪ್ಯ ದೇಶಗಳಲ್ಲಿ ರೂಢಿಯಲ್ಲಿರುವ ಕ್ರಮ ಇದಕ್ಕಿಂತ ಸರಳ. ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಪಾಸಾದವರ ಪರವಾನಗಿಯ ಮೇಲೆ 78 ಎಂಬ ಸಂಕೇತ ಸಂಖ್ಯೆ ಮುದ್ರಿತವಾಗುತ್ತದೆ, ಅಂಥವರು ಆಟೊಮ್ಯಾಟಿಕ್ ಮಾತ್ರ ಓಡಿಸಬಹುದು. ಮ್ಯಾನ್ಯುಯಲ್‌ನಲ್ಲಿ ಪಾಸಾದವರು ಎರಡನ್ನೂ ಓಡಿಸಬಹುದು. ಯಾರನ್ನೂ ಪರೀಕ್ಷೆಯಿಂದ ಹೊರಗಿಡುವುದಿಲ್ಲ, ಕಲಿಯದ್ದನ್ನು ಕಲಿತಂತೆ ಬರೆದುಕೊಡುವುದೂ ಇಲ್ಲ. ದ್ವಿಚಕ್ರ ವಾಹನಗಳಿಗೆ ನಮ್ಮ ಕಾಯ್ದೆಯೇ ಮೂರು ದಶಕಗಳಿಂದ ಪಾಲಿಸುತ್ತಿರುವ ತರ್ಕವೂ ಇದೇ. ಅದನ್ನು ನಾಲ್ಕು ಚಕ್ರಗಳಿಗೆ ವಿಸ್ತರಿಸಲು ದೊಡ್ಡ ಪಾಂಡಿತ್ಯವೇನೂ ಬೇಕಾಗಿಲ್ಲ, ಸಂಸತ್ತಿನಲ್ಲಿ ಒಂದು ಸಣ್ಣ ತಿದ್ದುಪಡಿ ಸಾಕು.

ಇದಕ್ಕೆ ಎದುರಾಗಬಹುದಾದ ಆಕ್ಷೇಪವೂ ಗಟ್ಟಿಯೇ. ವಿದ್ಯುತ್ ಕಾರುಗಳಲ್ಲಿ ಕ್ಲಚ್ಚೂ ಇಲ್ಲ, ಬದಲಿಸಬೇಕಾದ ಗೇರ್ ಕೂಡ ಇಲ್ಲ. ಕೆಎಸ್‌ಆರ್‌ಟಿಸಿ 2023ರಿಂದ ಬೆಂಗಳೂರಿನಿಂದ ಮೈಸೂರು, ಶಿವಮೊಗ್ಗ, ದಾವಣಗೆರೆ ಮೊದಲಾದ ಊರುಗಳಿಗೆ ವಿದ್ಯುತ್ ಬಸ್ಸುಗಳನ್ನೇ ಓಡಿಸತೊಡಗಿತು. ಹೀಗಿರುವಾಗ ಅಳಿದುಹೋಗಲಿರುವ ಕೌಶಲಕ್ಕಾಗಿ ಕಾಯ್ದೆ ತಿದ್ದುವುದೇಕೆ ಎಂದು ಕೇಳಬಹುದು. ಉತ್ತರ ಮಂಡಿಯ ಮುಂದೆ ನಿಂತಿದೆ. ಕಾರು ಬದಲಾದ ವೇಗದಲ್ಲಿ ಟ್ರ್ಯಾಕ್ಟರ್, ಪಿಕಪ್, ಮಿನಿ ಲಾರಿಗಳು ಬದಲಾಗುತ್ತಿಲ್ಲ. ಒಂದು ಟ್ರ್ಯಾಕ್ಟರ್ ರೈತನ ಮನೆಯಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿಯುತ್ತದೆ. ಇಂದು ಪರವಾನಗಿ ಪಡೆಯುವ ಹದಿನೆಂಟರ ಹರೆಯದವರು ಇನ್ನೂ ಬಹುಕಾಲ ಕ್ಲಚ್ ಇರುವ ವಾಹನಗಳ ನಡುವೆಯೇ ದುಡಿಯಬೇಕಾಗಿದೆ.

<b>ಹತ್ತು ಲಕ್ಷದ ಗೆರೆ</b>

ಬೆಲೆಯ ಮಾತು ಉಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಪರಿಹಾರ ಸೆಸ್ ಕೂಡ ರದ್ದಾಯಿತು. ಇದರಿಂದ ಆಟೊಮ್ಯಾಟಿಕ್ ಕಾರಿನ ಹೆಚ್ಚುವರಿ ಬೆಲೆಯೂ ಒಂದಿಷ್ಟು ತಗ್ಗಿತು. ಆದರೆ ರಾಜ್ಯದ ಜೀವಿತಾವಧಿ ತೆರಿಗೆ ಕಾರಿನ ಬೆಲೆಯನ್ನು ಅನುಸರಿಸುತ್ತದೆ. ವರ್ಷಗಳಿಂದ ಪಾಲನೆಯಾಗುತ್ತ ಬಂದ ಶ್ರೇಣಿಯ ಪ್ರಕಾರ 5 ಲಕ್ಷದವರೆಗೆ ಶೇ 13, ಅಲ್ಲಿಂದ 10 ಲಕ್ಷದವರೆಗೆ ಶೇ 14, 10ರಿಂದ 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ತೆರಿಗೆಯ ಮೇಲಿನ ಉಪಕರ ಪ್ರತ್ಯೇಕ. ದೇಶದಲ್ಲಿಯೇ ಹೆಚ್ಚಿನ ವಾಹನ ತೆರಿಗೆ ಇರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕ ಮುಂದಿದೆ.

ಉದಾಹರಣೆಗೆ, ಒಂದು ಕಾರಿನ ಮ್ಯಾನ್ಯುಯಲ್ ಮಾದರಿ 9.60 ಲಕ್ಷ, ಅದೇ ಕಾರಿನ ಆಟೊಮ್ಯಾಟಿಕ್ ಮಾದರಿ 10.20 ಲಕ್ಷ ಎಂದಿಟ್ಟುಕೊಳ್ಳಬಹುದು. ಮೊದಲನೆಯದಕ್ಕೆ ಶೇ 14ರಂತೆ 1,34,400 ರೂಪಾಯಿ ತೆರಿಗೆ. ಎರಡನೆಯದಕ್ಕೆ ಶೇ 17ರಂತೆ 1,73,400 ರೂಪಾಯಿ. ಷೋರೂಮಿನಲ್ಲಿ 60 ಸಾವಿರವೆಂದು ಕಂಡ ಅಂತರ ಆರ್‌ಟಿಒ ಬಾಗಿಲು ದಾಟುವಾಗ 99 ಸಾವಿರವಾಗುತ್ತದೆ. ಕ್ಲಚ್ ಒತ್ತಲಾಗದ ಹಿರಿಯರೊಬ್ಬರು, ಮಗಳಿಗೂ ಓಡಿಸಲು ಬರಲಿ ಎಂದು ಆಟೊಮ್ಯಾಟಿಕ್ ಆರಿಸಿಕೊಂಡ ಮನೆಯವರು ಆ ಗೆರೆ ದಾಟಿದ್ದಕ್ಕೆ 39 ಸಾವಿರ ಹೆಚ್ಚು ಕಟ್ಟುತ್ತಾರೆ.

ಪರವಾನಗಿಯ ವಿಂಗಡಣೆಗೆ ದೆಹಲಿಯ ಒಪ್ಪಿಗೆ ಬೇಕು. ತೆರಿಗೆಗೆ ಬೇಕಾಗಿಲ್ಲ. ಅದನ್ನು ವಿಧಿಸುವ 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆ ರಾಜ್ಯ ವಿಧಾನಮಂಡಲದ್ದು. ಶ್ರೇಣಿ ಲೆಕ್ಕ ಹಾಕುವಾಗ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಹೆಚ್ಚುವರಿ ಬೆಲೆಯನ್ನು ಬಿಟ್ಟು ಮ್ಯಾನ್ಯುಯಲ್ ಮಾದರಿಯ ಬೆಲೆಯನ್ನೇ ಆಧಾರವಾಗಿಟ್ಟುಕೊಳ್ಳುವುದು, ಕನಿಷ್ಠಪಕ್ಷ ಅಂಗವಿಕಲರು ಮತ್ತು ಹಿರಿಯ ನಾಗರಿಕರ ಹೆಸರಿನಲ್ಲಿ ನೋಂದಣಿಯಾಗುವ ಕಾರುಗಳಿಗಾದರೂ ಈ ವಿನಾಯಿತಿ ಕೊಡುವುದು ರಾಜ್ಯ ಸರ್ಕಾರದ ಅಧಿಕಾರದೊಳಗಿನ ಕೆಲಸ.